ಮುಟ್ಟುವ ಮೊದಲು ಒಂದು ಮಾತು

ಬ್ಯಾಡಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಹಗಲೆಲ್ಲ ಯಾರದೋ ದನಿಯನ್ನು ಯಾರಿಗೋ ಜೋಡಿಸಿ ಬಾಡಿಗೆ ಮನೆಗೆ ಬಂದರೆ, ಬಾಯಿ ತೆರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಊರಿಗೆ ಹೋಗುವುದೂ ನಿಂತಿತ್ತು. ಎಪ್ಪತ್ತರ ದಶಕದ ನಡುವೆ, ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರು ಬಿಳಿ ಪಾಮೇರಿಯನ್ ನಾಯಿಮರಿಯೊಂದನ್ನು ನನ್ನ ಮಡಿಲಿಗೆ ಹಾಕಿ ಹೋದರು.

ಆಗ ಮೆಣಸಿನಕಾಯಿ ಸುಗ್ಗಿ. ಪೇಟೆಯ ಕಡೆಯಿಂದ ಬರುವ ಗಾಳಿಯಲ್ಲೇ ಘಾಟು. ಮರಿಯ ಕೂದಲಿಗೆ ಕೆಂಪು ಧೂಳು ಮೆತ್ತಿತ್ತು. ಅದನ್ನು ನೆಕ್ಕಿ ಬಾಯಿ ಉರಿದು ಕುಂಯ್‌ಗುಡುತ್ತಿತ್ತು. ಕೊಡ ಎತ್ತಿ ಸುರಿಯಬೇಕೆನ್ನುವಷ್ಟರಲ್ಲಿ ಮೋಟುಗೋಡೆಯ ಆಚೆಯಿಂದ ಪಕ್ಕದ ಮನೆಯವರು ತಡೆದರು. ಗಂಡನನ್ನು ಕಳೆದುಕೊಂಡು ಬೆಕ್ಕೊಂದನ್ನು ಸಾಕಿಕೊಂಡಿದ್ದ ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ.

“ತಣ್ಣೀರ ಹಾಕಬ್ಯಾಡ್ರಿ ಅಕ್ಕಾರ. ಸಣ್ಣ ಮರಿ ಅದು, ಥಂಡಿ ಹಿಡೀತೈತಿ. ಬೆಚ್ಚಗಿನ ನೀರಾಗ ಅರಿವಿ ಅದ್ದಿ ಒರಸ್ರಿ. ಕಿವ್ಯಾಗ ಮಾತ್ರ ನೀರ ಹೋಗಬಾರದು.”

ಅಲ್ಲಿಂದ ರವಿವಾರಗಳಿಗೆ ಒಂದು ಆಕಾರ ಬಂತು. ಗೋಡೆಯ ಈಚೆ ನಾನು ನಾಯಿಯ ಮೈ ಬಾಚುತ್ತಿದ್ದೆ, ಆಚೆ ಖಾಲಾ ಬೆಕ್ಕಿನ ಕಿವಿ ಒರೆಸುತ್ತಿದ್ದರು. ಹೆಚ್ಚು ಮಾತಿಲ್ಲ. ನಮಾಜಿನವರಾದ್ದರಿಂದ ಅವರು ನಾಯಿಯನ್ನು ಮುಟ್ಟುತ್ತಿರಲಿಲ್ಲ. ನಾನೂ ಮುಟ್ಟಿ ಎಂದಿರಲಿಲ್ಲ.

ಒಂದು ರವಿವಾರ ನಾಯಿಯ ಉಗುರನ್ನು ತೀರಾ ಒಳಗೆ ಕತ್ತರಿಸಿಬಿಟ್ಟೆ. ರಕ್ತ ನಿಲ್ಲಲೊಲ್ಲದು. ಖಾಲಾ ಅರಿಷಿಣ ತಂದು, ನನ್ನ ಪಕ್ಕ ಕುಳಿತು, ಆ ಕಾಲನ್ನು ಅರಿವೆಯಲ್ಲಿ ಒತ್ತಿ ಹಿಡಿದುಕೊಂಡರು.

“ನಿಮಗ ನಮಾಜಿಗೆ…” ಎಂದೆ.

“ತೊಳಕೊಂಡರ ಆತು. ಮೊದಲ ರಕ್ತ ನಿಲ್ಲಲಿ.”

ಮರುದಿನ ಹಾವೇರಿಯ ದನದ ದವಾಖಾನೆಗೆ ಒಯ್ದೆ. ಬಿಳಿ ಉಗುರಿನೊಳಗೆ ಕಾಣುವ ಗುಲಾಬಿ ಗೆರೆಯನ್ನು ಡಾಕ್ಟರು ತೋರಿಸಿ, ತುದಿಯನ್ನಷ್ಟೇ ತೆಗೆಯಲು ಹೇಳಿಕೊಟ್ಟರು.

ಕೆಲವು ವರ್ಷಗಳ ನಂತರ ಖಾಲಾ ರಾಣೇಬೆನ್ನೂರಿಗೆ, ಮಗಳ ಮನೆಗೆ ಹೋದರು. ಬೆಕ್ಕನ್ನು ಬುಟ್ಟಿಯಲ್ಲಿ ಕೂಡಿಸಿ ಬಸ್ ಹತ್ತಿದರು. ಆ ಮನೆಗೆ ಬೀಗ ಬಿತ್ತು. ರವಿವಾರ ಬಾಚಣಿಗೆ ಹಿಡಿದು ಕುಳಿತರೆ, ಯಾರಾದರೂ ಏನಾದರೂ ಅನ್ನಲಿ ಎಂದು ಗೋಡೆಯ ಕಡೆಗೇ ಕಿವಿ ಹೋಗುತ್ತಿತ್ತು.

ನಾಯಿಗೆ ವಯಸ್ಸಾಯಿತು. ಒಂದು ಸಂಜೆ ಮಲಗಿದ್ದ ಅದರ ಬೆನ್ನಿಗೆ ಬಾಚಣಿಗೆ ಇಟ್ಟೊಡನೆ ತಿರುಗಿ ನನ್ನ ಕೈ ಕಚ್ಚಿತು. ಎಂದೂ ಕಚ್ಚಿದ್ದಿಲ್ಲ. ಗಾಯಕ್ಕಿಂತ ಅದೇ ಹೆಚ್ಚು ನೋಯಿಸಿತು. ನಾಯಿಕಡಿತದ ಸೂಜಿಮದ್ದು ಹಾಕಿಸಿಕೊಂಡು, ಅದನ್ನು ಡಾಕ್ಟರ ಬಳಿ ಒಯ್ದೆ. ಅವರು ಅದರ ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು.

“ಇದಕ್ಕ ಕಾಣಂಗಿಲ್ರಿ. ಅಂಜಿ ಕಚ್ಚೈತಿ. ಮುಟ್ಟೂದಕ್ಕಿಂತ ಮೊದಲ ಮಾತಾಡ್ರಿ.”

ಮನೆಯಲ್ಲಿ ಮಾತಾಡುವುದು ನನಗೆ ಮರೆತೇಹೋಗಿತ್ತು. ಮೊದಮೊದಲು ನನ್ನ ದನಿಗೆ ನಾನೇ ನಾಚಿದೆ. “ಈಗ ಬೆನ್ನ ಬಾಚತೇನಿ. ಈಗ ಕಾಲ ಹಿಡೀತೇನಿ.” ಆಮೇಲಾಮೇಲೆ ಆಫೀಸಿನ ಸುದ್ದಿ, ಬೇಳೆ ಸೀದದ್ದು, ತಾಯಿಯ ನೆನಪು, ಎಲ್ಲ ಬಂದವು. ಅದರ ಚರ್ಮ ಕಾಗದದಂತೆ ತೆಳ್ಳಗಾಗಿತ್ತು. ಹೊಟ್ಟೆಯಡಿಯ ಗಂಟುಕೂದಲನ್ನು ಕತ್ತರಿಸುವಾಗ ಚರ್ಮಕ್ಕೂ ಕತ್ತರಿಗೂ ನಡುವೆ ಬಾಚಣಿಗೆ ತೂರಿಸುತ್ತಿದ್ದೆ. ಸ್ನಾನ ಬಿಡಿಸಿ, ಮತ್ತೆ ಬೆಚ್ಚಗಿನ ಅರಿವೆಯಲ್ಲೇ ಒರೆಸುತ್ತಿದ್ದೆ. ನನ್ನ ಮಾತು ನಿಂತರೆ ಅದು ತಲೆ ಎತ್ತುತ್ತಿತ್ತು.

ಒಂದು ಮುಂಜಾನೆ ಎಷ್ಟು ಮಾತಾಡಿದರೂ ತಲೆ ಎತ್ತಲಿಲ್ಲ.

ಮಧ್ಯಾಹ್ನ, ಎಷ್ಟೋ ಜನರಿಗೆ ಟ್ರಂಕ್ ಕಾಲ್ ಜೋಡಿಸಿದ್ದ ನಾನು, ಮೊದಲ ಸಲ ನನಗಾಗಿ ಒಂದು ಬುಕ್ ಮಾಡಿದೆ. ರಾಣೇಬೆನ್ನೂರಿನಲ್ಲಿ ಖಾಲಾರ ಅಳಿಯನ ಅಂಗಡಿಗೆ. ಖಾಲಾರನ್ನು ಕರೆತರುವವರೆಗೆ ಕಾದೆ.

“ನಾಯಿ ಹೋತ್ರಿ ಖಾಲಾ.”



“ಊಟ ಮಾಡೀರೇನು?” ಎಂದರು.

ಇಲ್ಲ ಎಂದೆ.