ನೋಟೊದ ಉಪ್ಪುಗದ್ದೆ

ಮಾಲೂರಿನ ಹತ್ತಿರದ ಒಂದು ಜಪಾನಿ ಕಂಪನಿಯಲ್ಲಿ ನನಗೆ ಕೆಲಸ. ಯಂತ್ರದ ಬಿಡಿಭಾಗಗಳನ್ನು ಪರೀಕ್ಷಿಸುವುದು. ತರಬೇತಿಗೆಂದು ಕೆಲವು ತಿಂಗಳು ಜಪಾನಿಗೇ ಕಳಿಸಿದ್ದರು. ಅಲ್ಲಿ ನನಗೆ ಕೆಲಸ ಕಲಿಸಿದವರು ನನಗಿಂತ ಸಾಕಷ್ಟು ಹಿರಿಯ ಹೆಂಗಸು. ಮಾತು ಕಡಿಮೆ. ಒಂದು ಶುಕ್ರವಾರ ಊಟ ಮಾಡುತ್ತಾ, "ನಾಳೆ ನೋಟೊಗೆ ಹೋಗ್ತಿದ್ದೀನಿ, ನನ್ನ ತವರು. ನೀನೂ ಬಾ" ಎಂದರು.

ನೋಟೊ ಕಡಲೊಳಕ್ಕೆ ಚಾಚಿಕೊಂಡಿರುವ ನೆಲ. ಹೊಸ ವರ್ಷದ ದಿನವೇ ಅಲ್ಲಿ ಭೂಮಿ ನಡುಗಿ ಊರೂರೇ ಕುಸಿದಿದ್ದನ್ನು ನಾನು ರಾಯಲ್ಪಾಡಿನ ನಮ್ಮ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದ್ದೆ.

ಕಾರಿನಲ್ಲಿ ಹೋದೆವು. ಮುಂದೆ ಹೋದಂತೆ ರಸ್ತೆಯ ಒಂದು ಬದಿ ಕಣಿವೆಗೆ ಜಾರಿಹೋಗಿತ್ತು. ಸೂರುಗಳ ಮೇಲೆ ನೀಲಿ ಟಾರ್ಪಾಲು. ಅವರು ಒಂದು ಕಡೆ ಕಾರು ನಿಧಾನ ಮಾಡಿ, ಹುಲ್ಲು ಬೆಳೆದ ಖಾಲಿ ಜಾಗ ತೋರಿಸಿ, "ನಾನು ಹುಟ್ಟಿದ ಮನೆ" ಎಂದರು. ಇಳಿಯಲಿಲ್ಲ.

ಅವರ ಅಣ್ಣ, ಅತ್ತಿಗೆ ಉಪ್ಪು ಮಾಡುವವರು. ವಾಸ ಸರ್ಕಾರ ಕಟ್ಟಿಕೊಟ್ಟ ತಾತ್ಕಾಲಿಕ ಮನೆಯಲ್ಲಿ. ಹಗಲೆಲ್ಲ ಕಡಲ ದಂಡೆಯ ಉಪ್ಪುಗದ್ದೆಯಲ್ಲಿ. ನಾವು ಹೋದಾಗ ಅಣ್ಣ ಗದ್ದೆಯ ಮರಳನ್ನು ಹರಗುತ್ತಿದ್ದರು. ಅದರಾಚೆ ಬೆಳ್ಳಗೆ ಒಣಗಿದ ಬಂಡೆಗಳು, ಬಹಳ ದೂರದಲ್ಲಿ ನೀರು.

"ಸಮುದ್ರ ಹಿಂದಕ್ಕೆ ಹೋಯಿತಾ?" ಎಂದು ಕೇಳಿದೆ.

"ಅದು ಎಲ್ಲಿಗೂ ಹೋಗಿಲ್ಲ. ಭೂಕಂಪಕ್ಕೆ ನೆಲವೇ ಮೇಲೆದ್ದಿತು" ಎಂದರು ಅಣ್ಣ. ಮೊದಲು ಅವರು ಗದ್ದೆಯ ಅಂಚಿಗೇ ಹೋಗಿ ನೀರು ಹೊತ್ತು ತರುತ್ತಿದ್ದರಂತೆ. ಈಗ ಬಂಡೆಗಳ ಮೇಲೆ ಪೈಪು ಎಳೆದು ಪಂಪು ಹಾಕಿದ್ದರು. ಮರಳಿಗೆ ನೀರು ಎರಚುವುದು ಮಾತ್ರ ಹಿಂದಿನ ಹಾಗೆ ಕೈಯಿಂದಲೇ. ಬಿಸಿಲಿಗೆ ಮರಳು ಒಣಗಿ ಉಪ್ಪು ಹಿಡಿಯಬೇಕು. ಆ ಮರಳನ್ನು ತೊಳೆದ ನೀರನ್ನು ಸೌದೆ ಒಲೆಯ ಮೇಲೆ ಕುದಿಸಬೇಕು.

ಅತ್ತಿಗೆ ಮರದ ಬಕೆಟ್ಟನ್ನು ಬೀಸಿದರೆ ನೀರು ಬಲೆಯಂತೆ ಹರಡಿ ಬೀಳುತ್ತಿತ್ತು. ನಾನು ಬೀಸಿದೆ. ಅಷ್ಟೂ ನೀರು ಒಂದೇ ಕಡೆ ದಬಕ್ಕನೆ ಬಿದ್ದು ಮರಳಿನಲ್ಲಿ ಗುಂಡಿಯಾಯಿತು. ನಾಚಿಕೆಯಾಗಿ ಬಕೆಟ್ಟು ಕೆಳಗಿಟ್ಟು, ಬೆಳಿಗ್ಗೆ ನಮ್ಮ ಬಾಗಿಲಿಗೆ ನೀರು ಹಾಕುವ ಹಾಗೆ ಕೈಯಲ್ಲೇ ಎತ್ತಿ ಚಿಮುಕಿಸತೊಡಗಿದೆ.

"ಚೆನ್ನಾಗಿ ಬೀಳ್ತಿದೆ. ಆದರೆ ಗದ್ದೆ ಮುಗಿಯೋಕೆ ಚಳಿಗಾಲ ಬರುತ್ತೆ" ಎಂದು ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಒಲೆಯ ಪಕ್ಕ ಕೂತಾಗ ಅತ್ತಿಗೆ ಹೊಸ ಉಪ್ಪನ್ನು ಅಂಗೈಯಲ್ಲಿಟ್ಟು ನನ್ನತ್ತ ಚಾಚಿದರು. ನಾನು ಹಿಂಜರಿದೆ. ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಅನ್ನುತ್ತಾರೆ ಎಂದು ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿ, ಒಂದು ತಟ್ಟೆಗೆ ಹಾಕಿ ನನ್ನ ಮುಂದಿಟ್ಟರು. "ನಮ್ಮಲ್ಲಿ ಉಪ್ಪು ಕೆಟ್ಟದ್ದನ್ನು ಕಳೆಯುತ್ತೆ. ಕುಸಿದ ಮನೆಯನ್ನು ಪೂರ್ತಿ ಕೆಡವಿದ ಮೇಲೆ ಆ ಜಾಗಕ್ಕೆ ನಾನೇ ಹಾಕಿ ಬಂದೆ" ಎಂದರು. ಅಷ್ಟು ಹೇಳಿ ಒಲೆಗೆ ಸೌದೆ ಒಟ್ಟಿದರು.

ಇಲ್ಲಿಗೇ ಯಾಕೆ ಮರಳಿ ಬಂದಿರಿ ಎಂದು ಅಣ್ಣನನ್ನು ಕೇಳಿದೆ.

"ಭೂಕಂಪ ಆದಮೇಲೆ ಮಗಳ ಮನೆಯಲ್ಲಿದ್ದೆವು, ಪಟ್ಟಣದಲ್ಲಿ. ಚೆನ್ನಾಗಿ ನೋಡಿಕೊಂಡಳು. ಆದರೆ ಬೆಳಿಗ್ಗೆ ಬಿಸಿಲು ಬಂದ ಕೂಡಲೇ ನಾವಿಬ್ಬರೂ ಎದ್ದು ನಿಂತುಬಿಡ್ತಿದ್ದೆವು. ಮಾಡೋಕೆ ಏನೂ ಇರ್ತಿರಲಿಲ್ಲ."

ಊರಿಗೆ ಬಂದು ಚೀಲ ಬಿಚ್ಚಿದಾಗ ಅಮ್ಮ ಅತ್ತಿಗೆ ಕಟ್ಟಿಕೊಟ್ಟಿದ್ದ ಉಪ್ಪಿನ ಪೊಟ್ಟಣ ನೋಡಿ, "ಉಪ್ಪನ್ನ ಯಾರಾದ್ರೂ ವಿಮಾನದಾಗೆ ತರ್ತಾರೇನೇ? ನಮ್ಮಂಗಡೀಲಿ ಸಿಗಲ್ವಾ?" ಎಂದಳು. ನಡೆದದ್ದೆಲ್ಲ ಹೇಳಿದೆ. ಮಾವಿನಕಾಯಿಯ ಹೋಳಿನ ಮೇಲೆ ಒಂದು ಚಿಟಿಕೆ ಹಾಕಿ ತಿಂದು, "ಪಾಪಂ, ಉಪ್ಪು ಕೊಟ್ಟ ಆಯಮ್ಮಂಗೆ ವಯಸ್ಸೆಷ್ಟು?" ಎಂದಳು.

"ನಿನ್ನಷ್ಟೇ ಇರಬಹುದು."

ಈ ಬೇಸಿಗೆಯಲ್ಲಿ ನೋಟೊದಿಂದ ವಿಡಿಯೋ ಕಾಲ್ ಬಂತು. ಅಣ್ಣ, ಅತ್ತಿಗೆ ಕಟ್ಟಿಸುತ್ತಿದ್ದ ಹೊಸ ಮನೆಗೆ ಮರದ ಚೌಕಟ್ಟು ನಿಂತಿತ್ತು. ಅತ್ತಿಗೆ ಫೋನು ಹಿಡಿದು ಒಳಗೆಲ್ಲ ನಡೆದು, ಅಡಿಗೆಮನೆಯ ಕಿಟಕಿ ಬರುವ ಜಾಗ ತೋರಿಸಿದರು. ಅದರಾಚೆ ಕಡಲು. ಅಮ್ಮ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ಪರವಾಗಿಲ್ಲ ಕಣೇ, ಒಳ್ಳೆ ಗಾಳಿ ಬರುತ್ತೆ" ಎಂದಳು.