ಗೋಡೆಯಾಚೆಯ ಗಡಿಗೆಗಳು

ಮೊನ್ನೆ ಹೊಸ ಸ್ಪೀಕರುಗಳ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದಾಗ ಅಂಟೂ ಹಲಗೆಯೂ ಬೆರೆತಂಥ ಒಂದು ವಾಸನೆ ಬಂದು, ಹತ್ತಿರದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಇವು ಸ್ಟುಡಿಯೋಗಳಲ್ಲಿ ಹಾಡುಗಾರರ ತಪ್ಪು ಹಿಡಿಯಲು ಬಳಸುವಂಥವು. ದನಿ ಹಿಗ್ಗಿಸುವ ಆಂಪ್ಲಿಫೈಯರ್ ಇವುಗಳ ಹೊಟ್ಟೆಯಲ್ಲಿಯೇ ಇರುತ್ತದೆ. ತಪ್ಪು ಹಿಡಿಯುವ ಯಂತ್ರವನ್ನು ಮನೆಗೇ ತರಬೇಕೆಂದು ಈ ವಯಸ್ಸಿನಲ್ಲಿ ನನಗೇಕೆ ಅನ್ನಿಸಿತು ಎಂದು ನೀವು ಕೇಳಬಹುದು. ತಪ್ಪಾದೀತೆಂಬ ಅಂಜಿಕೆಯಲ್ಲಿಯೇ ಬದುಕಿದವನಿಗೆ ಅದು ಇಲ್ಲದಿದ್ದರೆ ಮನೆ ಬಿಕೋ ಎನ್ನುತ್ತದೆ ಎಂಬುದಷ್ಟೇ ನನ್ನ ಉತ್ತರ.

ಇಂಥದೇ ವಾಸನೆಯ ಒಂದು ಜೋಡಿಯನ್ನು ಎಂಬತ್ತರ ದಶಕದ ಆರಂಭದಲ್ಲಿ ರಾಯಚೂರಿನ ಬಾಡಿಗೆ ಮನೆಗೆ ತಂದಿದ್ದೆ. ಆಗ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗನೂ ಆಗಿದ್ದೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಅಣ್ಣನ ಜೊತೆಗಿದ್ದ ಅವ್ವ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದಳು. ಹೊಲ, ದನ, ಒಲೆಗಳ ನಡುವೆ ಒಂದು ಗಳಿಗೆಯೂ ಸುಮ್ಮನಿರದಿದ್ದ ಆಕೆ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿರುವುದನ್ನು ನೋಡಲಾಗುತ್ತಿರಲಿಲ್ಲ. ಆಕೆಗೆ ತತ್ತ್ವಪದಗಳೆಂದರೆ ಪ್ರಾಣ. ಮಾನ್ವಿಯ ನನ್ನ ಮಾವನವರು ಮದುವೆಯಲ್ಲಿ ಕೊಟ್ಟ ಟೇಪ್ ರೆಕಾರ್ಡರ್ ಮನೆಯಲ್ಲಿತ್ತು; ಅದರ ದನಿ ಮಾತ್ರ ಡಬ್ಬಿಯೊಳಗಿನ ಜೀರುಂಡೆಯಂತಿತ್ತು. ಊರಿಗೆ ಮರಳಿದ ಮೇಲೆ ಅವ್ವ ನಾಲ್ಕು ಜನರೆದುರು "ಸಣ್ಣವನ ಮನ್ಯಾಗ ಬೇಸು ಇದ್ದೆ" ಎನ್ನಬೇಕು. ನನಗೆ ಬೇಕಾಗಿದ್ದುದು ಚೆನ್ನಾಗಿದ್ದೆನೆಂಬ ಅದೊಂದೇ ಮಾತು.

ಸ್ಟೇಷನ್ ಹತ್ತಿರದ ರೇಡಿಯೊ ಅಂಗಡಿಯವನು, "ಆಂಪ್ಲಿಫೈಯರ್ ಬ್ಯಾರೆ ಒಯ್ತೀರೋ ಸಾರ್, ಡಬ್ಬಿ ಒಳಗs ಇದ್ದದ್ದು ಸಾಕೋ?" ಎಂದು ಕೇಳಿದ. ವಯರುಗಳು ಕಡಿಮೆಯಾದಷ್ಟೂ ನಾನು ತಪ್ಪುವ ಅವಕಾಶಗಳೂ ಕಡಿಮೆ ಎಂದು ಎರಡನೆಯದನ್ನೇ ಆರಿಸಿದೆ. ಗ್ರಂಥಾಲಯದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿಕೊಂಡಿದ್ದೆ: ಎರಡು ಪೆಟ್ಟಿಗೆಗಳೂ ಕೇಳುವವನ ತಲೆಯೂ ಸಮಬಾಹು ತ್ರಿಕೋನದ ಮೂರು ಮೂಲೆಗಳಾಗಬೇಕು, ಪೆಟ್ಟಿಗೆಯ ಬಾಯಿ ಕೇಳುವವನ ಕಿವಿಯ ಎತ್ತರಕ್ಕಿರಬೇಕು. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ದರ್ಜಿಯ ಟೇಪು ಹಿಡಿದು ಆಕೆಯ ಕಿವಿಯವರೆಗೆ ಅಳೆದೆ. ಪೆಟ್ಟಿಗೆಗಳನ್ನು ಎರಡು ಎತ್ತರದ ಸ್ಟೂಲುಗಳ ಮೇಲಿಟ್ಟೆ. ಟೇಪ್ ರೆಕಾರ್ಡರಿನ ಬೆನ್ನಿನಿಂದ ಎಡ ಪೆಟ್ಟಿಗೆಗೆ, ಅಲ್ಲಿಂದ ಬಲ ಪೆಟ್ಟಿಗೆಗೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ವಯರು ಜೋಡಿಸಿದೆ. ಹಾಡು ಹಚ್ಚಿದಾಗ ತಂಬೂರಿ ಒಂದು ಕಡೆ, ತಾಳ ಇನ್ನೊಂದು ಕಡೆ ಬಿಡಿಬಿಡಿಯಾಗಿ ಕೇಳಿಸಿ ನನ್ನ ಕಣ್ಣು ತುಂಬಿ ಬಂತು.

"ಬಾ ಯವ್ವಾ, ಕುರ್ಚಿ ಮ್ಯಾಲ ಕುಂದ್ರು."

"ಅಯ್ಯ, ಅದರ ಮ್ಯಾಲ ಕುಂತ್ರ ಕಾಲು ಜೋತಾಡ್ತಾವ ನನ್ನಪ್ಪಾ. ನಂಗ ನೆಲಾನೇ ಬೇಸು."

ಕೆಲವೇ ದಿನಗಳಲ್ಲಿ ಅವ್ವ ಸಂಜೆಯ ಹೊತ್ತಿಗೆ ಮನೆಯಲ್ಲಿ ಕಾಣದಂತಾದಳು.

"ಎಲ್ಲಿಗಿ ಹೋಗಿದ್ದಿ ಬೇ?"

"ಬಾಜೂಕ, ಜೈನಬಿ ಮನಿಗಿ. ಅವರ ಮನ್ಯಾಗೂ ಹಾಡು ಹಚ್ಚಿದ್ರು."

"ನಮ್ಮ ಮನ್ಯಾಗ ಹಾಡಿಲ್ಲೇನು?"

"ಅದ ತೊಗೊ. ಇಲ್ಲಿದು ತೆಲಿ ಮ್ಯಾಲಿಂದ ಹಾರಿ ಹೋಗ್ತದ. ಅವರದು ಉಡಿಯಾಗ ಬಂದು ಬೀಳ್ತದ."

ಜೈನಬಿಯ ಗಂಡ ರಜಾಕ್ ಸಾಹೇಬರು ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಅವರ ಸ್ಪೀಕರುಗಳಿಗೆ ಪೆಟ್ಟಿಗೆಯೇ ಇರಲಿಲ್ಲ. ಎರಡು ಮಣ್ಣಿನ ಗಡಿಗೆಗಳ ಬಾಯಿಗೆ ಸ್ಪೀಕರು ಕೂರಿಸಿ, ಗಡಿಗೆಗಳನ್ನು ಬಟ್ಟೆಯ ಸಿಂಬಿಯ ಮೇಲೆ ನೆಲದಲ್ಲಿ ಓರೆಯಾಗಿ ಮಲಗಿಸಿದ್ದರು. ನೀರು ತುಂಬುವ ಗಡಿಗೆ! ನನ್ನ ತ್ರಿಕೋನವನ್ನು ಬಿಟ್ಟು ನನ್ನ ತಾಯಿ ಗಡಿಗೆಯ ಮುಂದೆ ಹೋಗಿ ಕೂರುವುದೆಂದರೇನು? ಆ ವಾರವೆಲ್ಲ ಊಟ ರುಚಿಸಲಿಲ್ಲ. ಅವರ ಬಾಗಿಲಿನಿಂದ ಅವ್ವನ ನಗು ಕೇಳಿಸಿದಾಗಲೆಲ್ಲ ಎದ್ದು ದರ್ಜಿಯ ಟೇಪು ಹಿಡಿದು ತ್ರಿಕೋನವನ್ನು ಮತ್ತೊಮ್ಮೆ ಅಳೆಯುತ್ತಿದ್ದೆ. ಕಡೆಗೆ, ಪರೀಕ್ಷಿಸಿಯೇ ಬಿಡೋಣವೆಂದು ಅವರ ಮನೆಗೆ ಹೋದೆ.

"ಬರ್ರಿ ಬರ್ರಿ ಸಾರ್! ಏ, ಸಾಹೇಬ್ರಿಗಿ ಕುರ್ಚಿ ತಗೊಂಬಾ," ಎಂದು ರಜಾಕರು ಗಡಿಬಿಡಿಗೊಂಡರು. ಇದ್ದೊಂದು ಕುರ್ಚಿ ನನಗೆ ಬಂತು. ಉಳಿದವರೆಲ್ಲ ಚಾಪೆಯ ಮೇಲಿದ್ದರು. ಹಾಡು ಶುರುವಾಯಿತು. ನಿಜ ಹೇಳುತ್ತೇನೆ, ಕಂಬಳಿ ಹೊದ್ದುಕೊಂಡು ಯಾರೋ ಹಾಡಿದಂತಿತ್ತು. ನನಗೆ ಎಷ್ಟು ಆನಂದವಾಯಿತೆಂದರೆ ಜೈನಬಿ ಕೊಟ್ಟ ಚಹಾವನ್ನು ಎರಡನೆಯ ಸಲವೂ ಕೇಳಿ ಕುಡಿದೆ. ಆದರೆ ಕೆಳಗೆ ಅವ್ವ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಹಾಗಾದರೆ ಆಕೆಗೆ ಬೇಕಾದದ್ದು ಹಾಡಲ್ಲ, ಈ ಮನೆ. ನನ್ನ ಮನೆಯಲ್ಲ, ಈ ಮನೆ! ನನ್ನ ಆನಂದ ಬಾಗಿಲು ದಾಟುವಷ್ಟರಲ್ಲಿ ಇಳಿದುಹೋಯಿತು.

ಮರುದಿನ ನನ್ನ ಕೋಣೆಯಲ್ಲಿ ಹಾಡು ನಡೆದಿರುವಾಗಲೇ ಬಲ ಪೆಟ್ಟಿಗೆಯ ವಯರು ಸಡಿಲಾಯಿತು. ಬಿಗಿ ಮಾಡಲು ನೆಲದ ಮೇಲೆ ಕುಳಿತೆ. ವಯರು ಸರಿಯಾಯಿತು, ಹಾಡು ಮಾತ್ರ ಸರಿಯಾಗಲಿಲ್ಲ. ತಾಳ ಎಲ್ಲಿಯೋ ಮಾಡಿನ ಹತ್ತಿರ ಸುಳಿದಾಡುತ್ತಿತ್ತು. ತಂಬೂರಿ ಇತ್ತೋ ಇಲ್ಲವೋ. ಎದ್ದು ಕುರ್ಚಿಯಲ್ಲಿ ಕುಳಿತೆ: ಎಲ್ಲವೂ ಇದೆ. ಮತ್ತೆ ನೆಲಕ್ಕಿಳಿದೆ: ಏನೂ ಇಲ್ಲ. ಕುರ್ಚಿಯನ್ನೇ ಒಲ್ಲದವಳಿಗಾಗಿ ನಾನು ಕುರ್ಚಿಯ ಕಿವಿಯನ್ನು ಅಳೆದಿದ್ದೆ. ಗಡಿಗೆಯ ಮನೆಯಲ್ಲಿ ಕುರ್ಚಿ ಏರಿ ಕುಳಿತವನೂ ನಾನೊಬ್ಬನೇ.

ಸ್ಟೂಲುಗಳನ್ನು ತೆಗೆದು ಪೆಟ್ಟಿಗೆಗಳನ್ನು ಇಟ್ಟಿಗೆಯ ಮೇಲಿಟ್ಟೆ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ನಿಮ್ಮ ಆಫೀಸಿನ ಸಾಹೇಬ್ರು ಬಂದ್ರ ಅವರ್ನೂ ನೆಲಕ್ಕ ಕುಂದ್ರಸ್ತೀರೇನು?" ಎಂದಳು. ಅವ್ವ ಬಂದು ಕುಳಿತು ಒಂದು ಹಾಡನ್ನು ಪೂರ್ತಿ ಕೇಳಿದಳು. "ಈಗ ಬೇಸಾತು," ಎಂದಳು. ಎರಡನೆಯ ಹಾಡು ಶುರುವಾಗುತ್ತಲೇ ಸೆರಗು ಕೊಡವಿ ಎದ್ದು, ಗೋಡೆ ಹಿಡಿದುಕೊಂಡು ಜೈನಬಿಯ ಮನೆಗೆ ಹೊರಟಳು.

ನನಗೆ ತಡೆಯಲಾಗಲಿಲ್ಲ. ದನಿಯ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿಬಿಟ್ಟೆ. ಗಡಿಗೆಗಳು ಒಡೆದರೆ ಒಡೆಯಲಿ. ಹೀಗೇ ಕೆಲವು ಸಂಜೆಗಳು ಕಳೆದವು.

ಒಂದು ಬೆಳಿಗ್ಗೆ ರಜಾಕರು ನಳದ ಬಳಿ ಸಿಕ್ಕರು. ಮುಖ ಹುಳ್ಳಗಿತ್ತು. ಕ್ಷಮೆ ಕೇಳುವ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

"ಏನ್ ಸಾರ್, ನಮ್ಮ ಗಡಿಗಿಗಳ ನೌಕರಿ ತೆಗದ್ರಲ್ಲ!"

"ಯಾಕ್ರಿ?"

"ಅಮ್ಮ ಒಳಗ ಬಂದ ಕೂಡ್ಲೆ 'ರಜಾಕಾ, ನಿಂದು ಬಂದ್ ಮಾಡು, ನನ್ನ ಮಗ ಹಚ್ಯಾನ, ಕೇಳ್ರಿ' ಅಂತಾರ. ನಮ್ಮ ಮನ್ಯಾಗ ನಾವು ಗ್ವಾಡಿಗಿ ಕಿವಿ ಹಚ್ಚಿ ಕುಂದ್ರಬೇಕ್ರಿ! ನಮ್ಮಾಕಿ ಬ್ಯಾರೆ, 'ಅಂಥಾದು ನೀವ್ಯಾಕ ತರಂಗಿಲ್ಲ' ಅಂತ ದಿನಾ ಕಟಿಪಿಟಿ. ಎಲ್ಲಿ ಸಿಕ್ಕಾವ್ರೀ ಆ ಡಬ್ಬಿ?"

ಅಂಗಡಿಯ ದಾರಿ ಹೇಳಿ ಬಂದು ಅವ್ವನನ್ನು ಕೇಳಿದೆ: "ಇಷ್ಟು ಬೇಸದ ಅಂತ ನನ್ನ ಮುಂದ ಯಾಕ ಅನ್ನಲಿಲ್ಲ?"

"ನಿನ್ನ ಮನ್ಯಾಗ ಕುಂತು ನಿನ್ನ ಮುಂದs ಏನು ಹೊಗಳ್ಲೋ? ಅದಕ್ಕ ಇನ್ನೊಬ್ರ ಮನಿ ಬೇಕು."

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನನ್ನ ಬಗೆಗಿನ ಅಷ್ಟೂ ಹೊಗಳಿಕೆಯನ್ನು ಆಕೆಯ ಬಾಯಿಂದ ಕೇಳಿದವರು ರಜಾಕರು, ಜೈನಬಿ. ಅವ್ವ ಈಗಿಲ್ಲ. ಆ ಸಂಜೆಗಳಲ್ಲಿ ಅಲ್ಲಿ ಕೂತಿದ್ದವರ ಮೇಲೆ ನನಗೆ ಇಂದಿಗೂ ಹೊಟ್ಟೆಕಿಚ್ಚಿದೆ.

ಹೊಸ ಜೋಡಿಗೆ ವಯರು ಸೇರಿಸಿ ಮೊನ್ನೆ ಸಂಜೆ ಒಂದು ತತ್ತ್ವಪದ ಹಚ್ಚಿದೆ. ದನಿ ಸ್ಫಟಿಕದಂತಿತ್ತು, ಯಂತ್ರ ಯಾವ ತಪ್ಪನ್ನೂ ಹಿಡಿಯಲಿಲ್ಲ. ಆದರೂ ಏನೋ ಕೊರತೆಯೆನಿಸಿ, ದನಿಯನ್ನು ಕೊಂಚ ಏರಿಸಿದೆ. ಇನ್ನೂ ಕೊಂಚ ಏರಿಸಿದೆ. ಆಗ ಪಕ್ಕದ ಮನೆಯ ಹೊಸ ಬಾಡಿಗೆದಾರರು ಧಡಕ್ಕನೆ ತಮ್ಮ ಟಿ.ವಿ.ಯ ದನಿಯನ್ನು ನನ್ನದಕ್ಕಿಂತ ಮೇಲೇರಿಸಿದರು. ಗೋಡೆಯಾಚೆ ನನ್ನ ಹಾಡು ಮತ್ತೆ ಯಾರಿಗೋ ಕೇಳಿಸಿತ್ತು; ಎಷ್ಟೋ ವರ್ಷಗಳ ನಂತರ ನನಗೆ ಬಹಳ ಹಿತವೆನಿಸಿತು. ನಾಳೆ ಅವರನ್ನು ಚಹಾಕ್ಕೆ ಕರೆಯಬೇಕು.