ನಮ್ಮ ಎಮ್ಮೆಯ ಆಲದಮರ

ದುಮ್ಮವಾಡದ ಕಡೆ ಹೋಗುವ ನಮ್ಮೂರ ಹಳೆಯ ದಾರಿಯ ಎರಡೂ ಬದಿಗೆ ಆಲದ ಮರಗಳು. ಯಾರು ನೆಟ್ಟರೋ ಏನೋ, ನಮ್ಮಜ್ಜಿಯ ಅಜ್ಜಿಗೂ ಅವು ಮುದಿ ಮರಗಳೇ. ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ವಿಡಿಯೋ ಬಿಟ್ಟಿದ್ದೇ ತಡ, ಹುಬ್ಬಳ್ಳಿ, ಬೆಳಗಾವಿಯಿಂದ ಕಾರುಗಳು ಬರತೊಡಗಿದವು. ಮದುವೆಗೆ ಮುಂಚಿನ ಫೋಟೋಕ್ಕೆಂದು ಬರುವ ಹುಡುಗಿಯರು ಉದ್ದ ಗೌನಿನಿಂದ ನಮ್ಮ ದಾರಿಯ ಧೂಳು ಗುಡಿಸುತ್ತಾರೆ. ಗಾಡಿಗಳಿಗೆ ಬಾಜೂಕೆ ಹೊಸ ರಸ್ತೆಯಾಯಿತು, ಹಳೆಯದಕ್ಕೆ ಗೇಟು ಬಂತು, ಮರಗಳಿಗೆ ನಂಬರೂ ಬಂತು. ನಮ್ಮದು ಹದಿನೇಳು.

ನಮ್ಮದು ಅಂದರೆ ನಮ್ಮ ಎಮ್ಮೆಯದು. ಎಮ್ಮೆ ಈದ ಮೇಲೆ, ಕರುವಿನ ಹಿಂದೆ ಬೀಳುವ ಮಾಸನ್ನು ನಾಯಿ ಮುಟ್ಟಬಾರದು. ಹುಲ್ಲಿನಲ್ಲಿ ಸುತ್ತಿ, ಗೋಣಿಚೀಲದ ತುಂಡಿನಲ್ಲಿ ಗಂಟು ಕಟ್ಟಿ, ಹಾಲು ಸೋರುವ ಆಲಕ್ಕೆ ತೂಗುಹಾಕಬೇಕು. ಮರದಂತೆ ಎಮ್ಮೆಗೂ ಹಾಲು ಇಳಿಯಲಿ ಎಂದು. ಮನೆಗೊಂದು ಮರ. ಹಗ್ಗಕ್ಕೆ ಬದಲಾಗಿ ಅವ್ವ ತನ್ನ ಹಳೆ ಸೀರೆಯ ದಡಿ ಹರಿದು ಕಟ್ಟುತ್ತಿದ್ದಳು. ಮನೆಗೆ ಬಂದು ಗಿಣ್ಣ ಕಾಸಿ, ಓಣಿಗೆಲ್ಲ ಹಂಚಿ, ತಳ ಹತ್ತಿದ್ದನ್ನು ನನಗೆ ಕೊಡುತ್ತಿದ್ದಳು. ಆ ರುಚಿ ಯಾವ ಪೇಢೆಗೂ ಇಲ್ಲ. ಧಾರವಾಡದವರು ಸಿಟ್ಟಾದರೆ ಆಗಲಿ.

ಯಾರೋ ದೊಡ್ಡ ಅಧಿಕಾರಿಗಳು ನೋಡಲು ಬರುತ್ತಾರೆಂದಾಗ ಸಾಲು ಸ್ವಚ್ಛ ಮಾಡಿಸಲು ಮುಂದೆ ಬಿದ್ದವಳು ನಾನೇ. ಊರ ಶಾಲೆಯ ಟೀಚರು, ದೊಡ್ಡಸ್ತಿಕೆಗೇನು ಕಡಿಮೆ! ಬಂದವರು ಈ ಗಂಟುಗಳನ್ನು ಕಂಡು ಏನಂದಾರು ಎಂಬ ನಾಚಿಕೆ ಬೇರೆ. ಕೋಲಿಗೆ ಕುಡುಗೋಲು ಕಟ್ಟಿ ಒಂದೊಂದನ್ನೇ ಕೊಯ್ದು ಕೆಡವಿದೆ. ಹದಿನೇಳರಲ್ಲಿ ಅವ್ವ ಕಟ್ಟಿದ ಕೊನೆಯ ಗಂಟಿತ್ತು. ಅವ್ವ ತೀರಿಹೋಗಿ ಆಗಲೇ ಎರಡು ವರ್ಷವಾಗಿತ್ತು. ಒಣಗಿ ಹಗುರಾಗಿದ್ದ ಅದು ಕಾಲ ಬಳಿ ಬಿದ್ದಾಗ ಕೆಂಪು ದಡಿ ಕಂಡಿತು. ಕಂಡರೂ ಕಸದ ಬುಟ್ಟಿಗೆ ಹಾಕಿದೆ. ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ. ಅದಾದ ಮೇಲೆ ಊರಿನ ಯಾರೂ ಅಲ್ಲಿ ಗಂಟು ಕಟ್ಟಲಿಲ್ಲ.

ಮೊನ್ನೆ ಅವ್ವನ ಎಮ್ಮೆಯ ಮೊಮ್ಮಗಳು ಈದಿತು. ಮಾಸನ್ನು ತಿಪ್ಪೆಯಲ್ಲಿ ಹೂತರಾಯಿತು ಎಂದರು ಮನೆಯವರು. ನನಗೆ ಹಾಲಿನ ಚಿಂತೆ ಇರಲಿಲ್ಲ. ಆ ಬರಿ ಕೊಂಬೆ ನೋಡಿ ನೋಡಿ ಸಾಕಾಗಿತ್ತು. ಒಂದೇ ಒಂದು ಸಲ ಅಲ್ಲೊಂದು ಗಂಟು ತೂಗುವುದನ್ನು ನೋಡಬೇಕಿತ್ತು. ಟ್ರಂಕಿನಲ್ಲಿ ಉಳಿದಿದ್ದ ಅವ್ವನ ಒಂದೇ ಸೀರೆಯ ದಡಿ ಹರಿದು, ಗಂಟು ಕಟ್ಟಿಕೊಂಡು, ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ನಿಂತೆ.

ಗೇಟು ಕಾಯುವವನು ಒಂದು ಕಾಲಕ್ಕೆ ನನ್ನ ಕೈಯಲ್ಲೇ ಅಕ್ಷರ ತಿದ್ದಿದವನು. ಗಂಟು ನೋಡಿದ, ಬೋರ್ಡು ನೋಡಿದ. 'ಮರಗಳಿಗೆ ಏನನ್ನೂ ಕಟ್ಟಬಾರದು' ಎಂದಿತ್ತು ಬೋರ್ಡಿನಲ್ಲಿ.

"ಅಕ್ಕೋರ, ಇದು ನೀವ ಬರದುಕೊಟ್ಟ ಬೋರ್ಡ್ ಐತ್ರಿ," ಅಂದ.

ಹೌದು, ನಾನೇ ಬರೆದುಕೊಟ್ಟದ್ದು. ಒಂದಕ್ಷರ ತಪ್ಪಿಲ್ಲ.

"ಗೊತ್ತೈತೋ. ಆದ್ರ ನಮ್ಮವ್ವ ಕಟ್ಟಿದ್ದನ್ನ ನಾನ ಕೊಯ್ದೀನಿ," ಅಂದೆ.

ಅವನು ಗೇಟಿನ ಚಿಲಕ ತೆಗೆದ. "ಒಂಬತ್ತಕ್ಕ ಮಂದಿ ಬರ್ತಾರ್ರಿ. ಅಲ್ಲೀಮಟ ಇರ್ಲಿ. ಆಮ್ಯಾಲೆ ಇಳಸೂಣು," ಎಂದು ಏಣಿ ತಂದ.

ಗಂಟು ಕಟ್ಟಿ ಇಳಿದು, ಹತ್ತಿರ ಹತ್ತಿರ ಎರಡು ತಾಸು ಅದರ ಕೆಳಗೆ ಕುಳಿತೆ. ಗಾಳಿ ಬಂದಾಗೊಮ್ಮೆ ಅದು ತೂಗುತ್ತಿತ್ತು. ಅವ್ವ ಇನ್ನೇನು ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನಡಿ ಗಿಣ್ಣ ಕಾಸೂಣು ಅನ್ನಬೇಕು, ಅಷ್ಟೇ ಬಾಕಿ. ಅನ್ನಲಿಲ್ಲ.

ಒಂಬತ್ತಕ್ಕೆ ಮೊದಲ ಕಾರು ಬಂತು. ಗೌನಿನ ಹುಡುಗಿ ಇಳಿದು, ಇದೇ ಮರದಡಿ ಫೋಟೋ ಬೇಕೆಂದು ಕಾಯುತ್ತ ನಿಂತಳು. ಗೇಟು ಕಾಯುವವನು ಗಡಿಬಿಡಿಯಲ್ಲಿ ಕುಡುಗೋಲು ಕಟ್ಟಿದ ಕೋಲು ತಂದ. ಕೊಯ್ಯಬೇಡ ಎಂದೆ. ಏಣಿ ಹಿಡಿದು ನಿಲ್ಲಲು ಹೇಳಿ, ನಾನೇ ಹತ್ತಿ, ದಡಿ ಹರಿಯದ ಹಾಗೆ ಗಂಟನ್ನು ಕೈಯಿಂದ ಬಿಚ್ಚಿದೆ.